ಬಲೆ ಎಳೆಯುವ ದಡ

ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಜೋಗ, ಮೈಸೂರು ಅರಮನೆ ಎಂಬುದು ಬಹುಕಾಲದ ರೂಢಿ. ಕರಾವಳಿಗೆ ಇಳಿದ ಬಸ್ಸುಗಳು ಗೋಕರ್ಣ, ಮುರ್ಡೇಶ್ವರಗಳಲ್ಲಿ ನಿಲ್ಲುತ್ತವೆ. ಮಕ್ಕಳು ಕಾಲು ಒದ್ದೆ ಮಾಡಿಕೊಳ್ಳುತ್ತಾರೆ, ಕಪ್ಪೆಚಿಪ್ಪು ಆರಿಸುತ್ತಾರೆ, ಸೂರ್ಯ ಮುಳುಗಿದೊಡನೆ ಬಸ್ಸು ಹೊರಡುತ್ತದೆ. ಆ ಕಡಲನ್ನೇ ನಂಬಿ ಬದುಕುವವರ ಊರಿಗೆ ಮಾತ್ರ ಬಸ್ಸು ಹೋಗುವುದಿಲ್ಲ. ಗೋವಾ ಗಡಿಯ ಮಾಜಾಳಿಯಿಂದ ಗಂಗಾವಳಿ ಹೊಳೆ ಕಡಲು ಸೇರುವ ಮಂಜಗುಣಿಯವರೆಗೆ ಇಂಥ ಊರುಗಳು ಸಾಲಾಗಿವೆ: ಬೈತಖೋಲ, ಮುದಗಾ, ಹಾರವಾಡ, ಬೇಲೆಕೇರಿ, ಕೇಣಿ. ಹರಿಕಂತ್ರ, ಖಾರ್ವಿ, ಅಂಬಿಗ, ಗಾಬಿತ ಸಮಾಜಗಳ ಮನೆಗಳು ಇಲ್ಲಿ ದಡಕ್ಕೆ ಅಂಟಿಕೊಂಡೇ ಇವೆ. ಭೂಗೋಳ, ಭೌತಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ ನಾಲ್ಕನ್ನೂ ಒಂದೇ ಬೆಳಗಿನಲ್ಲಿ ಕಲಿಸಬಲ್ಲ ಶಾಲೆಗಳಿವು.

ಮೀನುಗಾರರ ಊರು ಎಲ್ಲಿದ್ದರೂ ಒಂದೇ ರೀತಿ ಎಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಊರಿನ ಕಸುಬು ಹೇಗಿರಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನೀರಿನ ಅಡಿಯಲ್ಲಿರುವ ನೆಲ. ಇದನ್ನು ತಿಳಿಯಲು ಅಟ್ಲಾಂಟಿಕ್ ಸಾಗರದ ಒಂದು ದ್ವೀಪದತ್ತ ನೋಡಬೇಕು.

ಬೆಂಕಿಯ ಬೆಟ್ಟದ ಮೇಲೊಂದು ಊರು

ಪೋರ್ಚುಗಲ್ಲಿಗೆ ಸೇರಿದ ಮಡೈರಾ ದ್ವೀಪ ಜ್ವಾಲಾಮುಖಿಯಿಂದ ಹುಟ್ಟಿದ್ದು. ಸಾಗರದ ತಳದಿಂದ ಎದ್ದ ಭಾರಿ ಬೆಟ್ಟವೊಂದರ ತುದಿಯಷ್ಟೇ ನೀರಿನ ಮೇಲೆ ಕಾಣುತ್ತದೆ. ಅದರ ಅತಿ ಎತ್ತರದ ಶಿಖರ 1862 ಮೀಟರ್. ಅಲ್ಲಿನ ಕಾಮರ ದೆ ಲೋಬೋಸ್ ಎಂಬ ಮೀನುಗಾರರ ಊರು ಜಗತ್ಪ್ರಸಿದ್ಧ. ಬ್ರಿಟನ್ನಿನ ವಿನ್‌ಸ್ಟನ್ ಚರ್ಚಿಲ್ 1950ರಲ್ಲಿ ಅಲ್ಲಿ ಕುಳಿತು ಚಿತ್ರ ಬಿಡಿಸಿದ್ದರು. ಬಣ್ಣದ ದೋಣಿಗಳು, ಇಕ್ಕಟ್ಟಾದ ಓಣಿಗಳು, ಉಪ್ಪು ಹಾಕಿ ಬಿಸಿಲಿಗೆ ಇಟ್ಟ ಮೀನು, ಇವನ್ನು ನೋಡಿದರೆ ಬೈತಖೋಲದ ನೆನಪಾಗದಿರದು.

ಆದರೆ ಅಲ್ಲಿ ದಡದಿಂದ ಸ್ವಲ್ಪವೇ ದೂರ ಹೋದರೆ ಸಮುದ್ರ ಪ್ರಪಾತದಂತೆ ಇಳಿಯುತ್ತದೆ. ಹೀಗಾಗಿ ಆ ಊರಿನ ಹೆಸರಾಂತ ಮೀನು ಎಸ್ಪಾದಾ ಕಡಲಿನ ಕತ್ತಲೆಯಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ ವಾಸಿಸುವಂಥದು. ಮೈ ಕಪ್ಪು, ಉದ್ದ ಕತ್ತಿಯ ಆಕಾರ, ದೊಡ್ಡ ಕಣ್ಣು. ಅದನ್ನು ಹಿಡಿಯಲು ಬಲೆ ಉಪಯೋಗವಿಲ್ಲ. ಸಾಲಾಗಿ ಗಾಳ ಕಟ್ಟಿದ ಬಹು ಉದ್ದದ ಹಗ್ಗವನ್ನೇ ಆಳಕ್ಕೆ ಇಳಿಬಿಡಬೇಕು.

ಕಾರವಾರದ ಕಡಲು ಇದಕ್ಕೆ ತದ್ವಿರುದ್ಧ. ಇಲ್ಲಿ ನೆಲ ಕಡಲಿನೊಳಗೂ ಮೆಲ್ಲಗೆ, ಓರೆಯಾಗಿ ಸಾಗುತ್ತದೆ. ದಡದಿಂದ ಹತ್ತಾರು ಕಿಲೋಮೀಟರ್ ಹೋದರೂ ಆಳ ಇನ್ನೂರು ಮೀಟರ್ ಮುಟ್ಟುವುದಿಲ್ಲ. ಇದೇ ಭೂಖಂಡದ ಅಂಚು. ಎದುರಿಗೆ ಕಾಣುವ ಕೂರ್ಮಗಡ, ದೇವಗಡ ದ್ವೀಪಗಳೂ ಜ್ವಾಲಾಮುಖಿಗಳಲ್ಲ. ಸಹ್ಯಾದ್ರಿಯ ಹಳೆಯ ಶಿಲೆಯ ಗುಡ್ಡಗಳು ಕಡಲಿಗೆ ಇಳಿದು ನಿಂತಂತಿವೆ. ಕರ್ನಾಟಕದಲ್ಲಿ ಲಾವಾರಸದ ದ್ವೀಪ ನೋಡಬೇಕಾದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್‌ಗೆ ಹೋಗಬೇಕು. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿ ಆರಿದ ಶಿಲೆ.

ಕಾರವಾರದ ಆಳವಿಲ್ಲದ ಕಡಲಿಗೆ ಕಾಳಿ, ಗಂಗಾವಳಿಗಳು ಕಾಡಿನ ಸಾರವನ್ನು ತಂದು ಸುರಿಯುತ್ತವೆ. ಅದಕ್ಕಿಂತ ದೊಡ್ಡ ಉಪಕಾರ ಮಾಡುವುದು ಮಳೆಗಾಲದ ಗಾಳಿ. ಗಾಳಿ ಮತ್ತು ಭೂಮಿಯ ತಿರುಗುವಿಕೆ ಎರಡೂ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ತೆರವಾದ ಜಾಗಕ್ಕೆ ಕೆಳಗಿನ ತಣ್ಣನೆಯ ನೀರು ಮೇಲೇರುತ್ತದೆ. ಕೇರಳದ ದಕ್ಷಿಣ ತುದಿಯಲ್ಲಿ ಮೊದಲಾಗುವ ಈ ಕ್ರಿಯೆ ಕ್ರಮೇಣ ಉತ್ತರಕ್ಕೆ ಸರಿಯುತ್ತದೆ. ಆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳು ಹೇರಳ. ಹೊಲಕ್ಕೆ ಗೊಬ್ಬರ ಹಾಕಿದ ಹಾಗೆ! ಬರಿಗಣ್ಣಿಗೆ ಕಾಣದ ಸಸ್ಯಾಣುಗಳು ಕೋಟಿಗಟ್ಟಲೆ ಬೆಳೆಯುತ್ತವೆ. ಅವುಗಳನ್ನು ತಿನ್ನುವ ಸೂಕ್ಷ್ಮ ಪ್ರಾಣಿಗಳು ಹೆಚ್ಚುತ್ತವೆ. ಎರಡನ್ನೂ ತಿನ್ನಲು ತಾರ್ಲೆ, ಬಂಗಡೆಗಳು ಹಿಂಡುಹಿಂಡಾಗಿ ದಡದ ಬಳಿಗೆ ಬರುತ್ತವೆ. ಮಳೆ ಹಿಂದೆ ಸರಿದ ಮೇಲೆ ಕರಾವಳಿಯಲ್ಲಿ ಬಂಗಡೆಯ ಸುಗ್ಗಿ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಮೀನು ತಾನಾಗಿ ದಡಕ್ಕೆ ಬರುವ ಕಡಲಿಗೆ ದಡದಿಂದಲೇ ಎಳೆಯುವ ಬಲೆ ಹುಟ್ಟಿತು. ಅದೇ ರಂಪಣಿ.

ಊರೇ ಎಳೆಯುವ ಬಲೆ

ರಂಪಣಿ ಒಬ್ಬನ ಬಲೆಯಲ್ಲ. ಒಂದೊಂದು ಮನೆಯವರು ತಂದ ತುಂಡುಗಳನ್ನು ಜೋಡಿಸಿದಾಗ ನೂರಾರು ಮೀಟರ್ ಉದ್ದದ ಬಲೆ ಸಿದ್ಧವಾಗುತ್ತಿತ್ತು. ಹಿಂಡನ್ನು ಗುರುತಿಸುವುದು ಅನುಭವಿಯ ಕೆಲಸ. ನೀರಿನ ಬಣ್ಣ ಒಂದು ಕಡೆ ಗಾಢವಾಗಿದೆಯೇ, ಮೇಲ್ಮೈ ಸಣ್ಣಗೆ ಕುದಿಯುವಂತೆ ಕಾಣುತ್ತಿದೆಯೇ, ಹಕ್ಕಿಗಳು ಎಲ್ಲಿ ಎರಗುತ್ತಿವೆ ಎಂದು ನೋಡಿ ಆತ ಸನ್ನೆ ಕೊಡುತ್ತಾನೆ. ಬಲೆಯ ಒಂದು ತುದಿ ದಡದಲ್ಲೇ ಉಳಿಯುತ್ತದೆ. ದೋಣಿ ಇನ್ನೊಂದು ತುದಿಯನ್ನು ಹೊತ್ತು ಹಿಂಡಿನ ಹಿಂದಿನಿಂದ ಅರ್ಧಚಂದ್ರಾಕಾರವಾಗಿ ಸುತ್ತಿ, ದೂರದಲ್ಲಿ ಮತ್ತೆ ದಡ ಸೇರುತ್ತದೆ. ಆಮೇಲೆ ಎರಡೂ ಕಡೆ ಹತ್ತಾರು ಮಂದಿ ಸಾಲಾಗಿ ನಿಂತು ಎಳೆಯುತ್ತಾರೆ.

ಶಾಲೆಯ ವಿಜ್ಞಾನ ಇಲ್ಲಿ ಕಣ್ಣೆದುರು ನಿಲ್ಲುತ್ತದೆ. ಮೇಲಿನ ಹಗ್ಗಕ್ಕೆ ಹಗುರವಾದ ತೇಲುಗಳು, ಕೆಳಗಿನ ಹಗ್ಗಕ್ಕೆ ಭಾರ. ಒಂದನ್ನು ನೀರು ಮೇಲೆತ್ತುತ್ತದೆ, ಇನ್ನೊಂದನ್ನು ಭೂಮಿ ಕೆಳಗೆಳೆಯುತ್ತದೆ. ನಡುವೆ ಬಲೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಆರ್ಕಿಮಿಡೀಸನ ತತ್ವವನ್ನು ಬಾಯಿಪಾಠ ಮಾಡಿದ ಹುಡುಗನಿಗಿಂತ ತೇಲು ಎಷ್ಟು ಬೇಕೆಂದು ಕೈಯಲ್ಲೇ ತೂಗಿ ಹೇಳುವ ಮುದುಕನಿಗೆ ಆ ವಿಷಯ ಹೆಚ್ಚು ಗೊತ್ತು.

ಮೀನು ವಿಪರೀತ ಬಿದ್ದರೆ ಒಮ್ಮೆಗೇ ದಡಕ್ಕೆಳೆದು ಕೊಳೆಸುತ್ತಿರಲಿಲ್ಲ. ಬಲೆಯನ್ನು ನೀರಿನಲ್ಲೇ ಬಿಗಿದು ಮೀನನ್ನು ಜೀವಂತ ಇಟ್ಟು, ಕೊಳ್ಳುವವರು ಬಂದಂತೆ ದಿನದಿನವೂ ಬೇಕಾದಷ್ಟೇ ತೆಗೆಯುತ್ತಿದ್ದರು. ಮಂಜುಗಡ್ಡೆ ಇಲ್ಲದ ಕಾಲದ ಶೀತಲಗೃಹ ಅದು. ಬಲೆಯ ತುಂಡು ಹಾಕಿದವರಿಗೆ, ದೋಣಿಯವರಿಗೆ, ಎಳೆದವರಿಗೆ ಎಲ್ಲರಿಗೂ ಪಾಲಿತ್ತು. ಅನುಪಾತದ ಲೆಕ್ಕ ಹೊಯಿಗೆಯ ಮೇಲೆಯೇ ನಡೆಯುತ್ತಿತ್ತು.

ಉಳಿದ ಮೀನು ಉಪ್ಪಿಗೆ ಹೋಗುತ್ತಿತ್ತು. ಉಪ್ಪು ಮೀನಿನ ಜೀವಕೋಶಗಳಿಂದ ನೀರನ್ನು ಹೊರಗೆಳೆಯುತ್ತದೆ. ನೀರಿಲ್ಲದ ಕಡೆ ಕೊಳೆಸುವ ಬ್ಯಾಕ್ಟೀರಿಯಾ ಬೆಳೆಯಲಾರದು. ಮಳೆಗಾಲದ ಗಂಜಿಗೆ ಒಣಮೀನು ಜೊತೆಯಾಗುವುದು ಈ ಪರಾಸರಣದ ದೆಸೆಯಿಂದ. ಬಡವರ ಈ ಉಪ್ಪಿನ ಮೇಲೆ ಬ್ರಿಟಿಷರು ಕರ ಹಾಕಿದ್ದನ್ನು ನೆನೆದರೆ, 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹಕ್ಕೆ ಕಡಲ ದಡಕ್ಕೆ ನಡೆದದ್ದರ ಅರ್ಥ ಮಕ್ಕಳಿಗೆ ಇನ್ನಷ್ಟು ಚೆನ್ನಾಗಿ ಆದೀತು.

ಹಿಂಡು ದಡ ತಲುಪದಾದಾಗ

1970ರ ದಶಕದ ನಡುವೆ ಕರ್ನಾಟಕದ ಕಡಲಿಗೆ ಪರ್ಸೀನ್ ಬಲೆ ಬಂತು. ಯಂತ್ರದ ಬೋಟು ಹಿಂಡನ್ನು ಹುಡುಕಿಕೊಂಡು ಹೋಗಿ ಸುತ್ತಲೂ ಬಲೆ ಬಿಡುತ್ತದೆ. ಬಳಿಕ ತಳದ ಹಗ್ಗವನ್ನು ಎಳೆದರೆ ದುಡ್ಡಿನ ಚೀಲದ ಬಾಯಿ ಕಟ್ಟಿದಂತೆ ಬಲೆ ಕೆಳಗಿನಿಂದ ಮುಚ್ಚಿಕೊಳ್ಳುತ್ತದೆ. ಮೀನಿಗೆ ಪಾರಾಗುವ ದಾರಿಯಿಲ್ಲ. ಮೀನು ದಡಕ್ಕೆ ಬರಲೆಂದು ರಂಪಣಿ ಕಾಯುತ್ತದೆ, ಪರ್ಸೀನ್ ಕಾಯುವುದಿಲ್ಲ. ವ್ಯತ್ಯಾಸ ಇಷ್ಟೇ. ಆದರೆ ಆ ದಶಕ ಮುಗಿಯುವುದರೊಳಗೆ ಕರಾವಳಿಯ ಬಹುಪಾಲು ರಂಪಣಿಗಳು ಮೂಲೆ ಸೇರಲು ಇಷ್ಟು ಸಾಕಾಯಿತು. ಇಂದು ಕಾರವಾರ, ಮಾಜಾಳಿಯ ದಡಗಳಲ್ಲಿ ಆಗೊಮ್ಮೆ ಈಗೊಮ್ಮೆ ರಂಪಣಿ ಬೀಳುತ್ತದೆ. ಅದರ ಚಿಕ್ಕ ತಮ್ಮನಂತಿರುವ ಏಂಡಿ ಬಲೆ ಇನ್ನೂ ಕೆಲವು ಮನೆಗಳ ಒಲೆ ಹೊತ್ತಿಸುತ್ತಿದೆ.

ಇದರಲ್ಲಿ ಒಬ್ಬರನ್ನು ಕಳ್ಳರೆಂದೂ ಇನ್ನೊಬ್ಬರನ್ನು ಸಾಧುಗಳೆಂದೂ ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಯಂತ್ರದ ಬೋಟಿನಲ್ಲಿ ದುಡಿಯುವವರೂ ಮೀನುಗಾರರ ಮಕ್ಕಳೇ. ಒಳನಾಡಿನ ಪೇಟೆಗೆ ಅಗ್ಗದ ಮೀನು ಮುಟ್ಟಿಸಿದ್ದೂ ಅವರ ಬೋಟುಗಳೇ. ಪ್ರಶ್ನೆ ಇರುವುದು ಮಿತಿಯಲ್ಲಿ. ಮಿತಿಗಾಗಿಯೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು. ಕಣ್ಣು ಕೋರೈಸುವ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನೆರೆಯ ಕೇರಳದಲ್ಲಿ ತಾರ್ಲೆ 10 ಸೆಂಟಿಮೀಟರ್, ಬಂಗಡೆ 14 ಸೆಂಟಿಮೀಟರ್ ಆಗುವ ಮೊದಲು ಹಿಡಿಯಬಾರದೆಂಬ ನಿಯಮವಿದೆ. ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಹಿಡಿಯುವುದು ಬಿತ್ತನೆಯ ಬೀಜವನ್ನು ಕುಟ್ಟಿ ಉಂಡಂತೆ. ಪೇಟೆಯಿಂದ ಮೀನು ತರುವ ತಂದೆತಾಯಿಗಳೂ ಬೆರಳುದ್ದದ ಮರಿಗಳ ರಾಶಿಯನ್ನು ಬೇಡವೆಂದರೆ ಅದೂ ಒಂದು ನಿಯಮವಾದೀತು.

ದಡ ಯಾರದು?

ಬಲೆಯ ಜಗಳದ ಹಿಂದೆ ಈಗ ಇನ್ನೂ ದೊಡ್ಡ ಪ್ರಶ್ನೆ ನಿಂತಿದೆ. ದಡದಿಂದ ಎಳೆಯುವ ಬಲೆಗೆ ಕಲ್ಲಿಲ್ಲದ, ತುಂಡಾಗದ ಹೊಯಿಗೆಯ ದಡ ಬೇಕು. ದೋಣಿ ಏರಿಸಲು, ಬಲೆ ಹರಡಿ ಹೊಲಿಯಲು, ಮೀನು ಒಣಗಿಸಲು ಜಾಗ ಬೇಕು. ಪ್ರವಾಸಿಗೆ ಖಾಲಿ ಎಂದು ಕಾಣುವ ಈ ಜಾಗ ಮೀನುಗಾರನ ಪಾಲಿಗೆ ಗದ್ದೆ, ಕಣ, ಅಂಗಳ ಎಲ್ಲವೂ.

ಕಾರವಾರದ ದಕ್ಷಿಣಕ್ಕೆ ಅರಗಾದ ಸುತ್ತಲಿನ ದಡವನ್ನು ದೇಶದ ರಕ್ಷಣೆಗೆಂದು ಬಿಟ್ಟುಕೊಡಲಾಯಿತು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಸಾವಿರಾರು ಕುಟುಂಬಗಳು ಮನೆ ಬಿಟ್ಟು ಪುನರ್ವಸತಿ ಕಾಲೋನಿಗಳಿಗೆ ಹೋದವು. ರೈತನಿಗೆ ಭೂಮಿಗೆ ಬದಲು ಭೂಮಿ ಕೊಡಬಹುದು. ಮೀನುಗಾರನಿಗೆ ದಡಕ್ಕೆ ಬದಲು ದಡ ಎಲ್ಲಿಂದ ತರುವುದು? 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ, ಆ ಬಳಿಕ ಕೇಣಿಯ ಬಂದರು ಯೋಜನೆಗೆ ಅಂಕೋಲೆಯ ಮೀನುಗಾರರು ಅಡ್ಡ ನಿಂತಾಗ, ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಕೇಳಿಬಂತು. ಬಂದರು ಬಂದರೆ ಉದ್ಯೋಗ ಬರುತ್ತದೆ ಎನ್ನುವವರ ಮಾತನ್ನೂ ಕೇಳಬೇಕು. ಆದರೆ ಲೆಕ್ಕ ಹಾಕುವಾಗ ದಡದ ಬೆಲೆಯನ್ನು ಸೊನ್ನೆ ಎಂದು ಬರೆದುಕೊಂಡರೆ ಉತ್ತರ ತಪ್ಪೇ ಬರುತ್ತದೆ. ಇಂದಿನ ವಿದ್ಯಾರ್ಥಿಗಳೇ ನಾಳೆ ಎಂಜಿನಿಯರುಗಳಾಗಿ, ಅಧಿಕಾರಿಗಳಾಗಿ ಈ ಲೆಕ್ಕ ಹಾಕುವವರು.

ಹೋಗುವವರಿಗೆ ನಾಲ್ಕು ಮಾತು

ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಜನವರಿಯವರೆಗಿನ ಬೆಳಗಿನ ಹೊತ್ತು ಇಂಥ ಭೇಟಿಗೆ ಒಳ್ಳೆಯದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಊರಿನಲ್ಲಿದೆ. ಶಿಕ್ಷಕರು ಮುಂಚಿತವಾಗಿ ಪತ್ರ ಬರೆದು ಕೇಳಿಕೊಳ್ಳಬಹುದು. ಆದರೆ ಮೊದಲ ಪಾಠ ದಡದಲ್ಲೇ ಆಗಲಿ.

ಹೋದವರು ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು ಬಹಳ. ಬಲೆಯ ಕಣ್ಣು ಎಷ್ಟು ಅಗಲ, ಬಿದ್ದ ಮೀನು ಎಷ್ಟು ಉದ್ದ ಎಂದು ಅಳತೆಪಟ್ಟಿ ಹಿಡಿದು ನೋಡಲಿ. ಒಂದೇ ಮೀನಿಗೆ ಕನ್ನಡ, ಕೊಂಕಣಿಗಳಲ್ಲಿ ಏನೇನು ಹೆಸರಿದೆ ಎಂದು ಕೇಳಲಿ. ಬಂಗಡೆಯ ವೈಜ್ಞಾನಿಕ ನಾಮದಲ್ಲಿರುವ ‘ಕನಗುರ್ತ’ ಎಂಬುದು ಆಂಧ್ರದ ಕರಾವಳಿಯ ಮೀನುಗಾರರ ತೆಲುಗು ಮಾತು. ವಿಜ್ಞಾನಿಗೂ ಹೆಸರು ಸಿಕ್ಕಿದ್ದು ದಡದಲ್ಲೇ! ಮೀನು ಹಿಡಿದವರ ಜೊತೆ ಮಾತಾಡಿದಷ್ಟೇ ಹೊತ್ತು ಬುಟ್ಟಿಯ ಮುಂದೆ ಕುಳಿತ ಅಮ್ಮಂದಿರ ಜೊತೆಗೂ ಮಾತಾಡಲಿ. ಬೆಲೆ ಏರುವುದು ಯಾವಾಗ, ಇಳಿಯುವುದು ಯಾವಾಗ ಎಂಬ ಅರ್ಥಶಾಸ್ತ್ರ ಅವರ ಬಾಯಲ್ಲಿದೆ.

ಕೆಲವು ಎಚ್ಚರಿಕೆಗಳೂ ಬೇಕು. ಮೂಗು ಮುಚ್ಚಿಕೊಂಡು ನಡೆಯುವುದು, ಕೇಳದೆ ಫೋಟೋ ತೆಗೆಯುವುದು, ಹರಡಿದ ಬಲೆಯನ್ನು ತುಳಿಯುವುದು ಸಲ್ಲ. ಅದು ಇನ್ನೊಬ್ಬರ ಅಂಗಳ. ಲೈಫ್ ಜಾಕೆಟ್ ಇಲ್ಲದೆ ಮಕ್ಕಳನ್ನು ದೋಣಿ ಹತ್ತಿಸಲೇಬಾರದು. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. ಕಡಲು ನೋಡಲು ಶಾಂತವಾಗಿದ್ದ ಮಾತ್ರಕ್ಕೆ ಅದನ್ನು ನಂಬುವಂತಿಲ್ಲವೆಂದು ಮೀನುಗಾರರೇ ಹೇಳುತ್ತಾರೆ.

ಬಲೆ ಎಳೆಯುತ್ತಿದ್ದರೆ ಹಿರಿಯರನ್ನು ಕೇಳಿ ಮಕ್ಕಳೂ ಹಗ್ಗ ಹಿಡಿಯಲಿ. ಐದು ನಿಮಿಷ ಎಳೆದರೆ ಅಂಗೈ ಕೆಂಪಾಗುತ್ತದೆ. ಊಟದ ತಟ್ಟೆಯಲ್ಲಿರುವ ಒಂದು ಬಂಗಡೆಯ ಹಿಂದೆ ಎಷ್ಟು ಅಂಗೈಗಳಿವೆ ಎಂಬುದು ಆಗ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ.