ಬಾಡಿಗೆ ಮನೆಯ ಮೂರು ಪ್ರಶ್ನೆ

ಬೆಂಗಳೂರಿನ ವೈಟ್‌ಫೀಲ್ಡ್ ಹುಟ್ಟಿದ್ದರ ಹಿಂದೆ ಒಂದು ಮದುವೆಯ ತಕರಾರು ಇದೆ ಎಂದರೆ ಇಂದು ಅಲ್ಲಿ ಕೆಲಸಕ್ಕೆ ಹೋಗಿಬರುವವರಲ್ಲಿ ಹೆಚ್ಚಿನವರು ನಂಬಲಿಕ್ಕಿಲ್ಲ. ಐಟಿಪಿಎಲ್ ಎಂಬ ಐಟಿ ಪಾರ್ಕ್ ಬರುವುದಕ್ಕೆ ನೂರು ವರ್ಷಕ್ಕೂ ಮೊದಲು, 1882ರಲ್ಲಿ, ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಈ ಸೀಮೆಯಲ್ಲಿ ಸುಮಾರು 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. ಅಲ್ಲಿ ನೆಲೆಸಬೇಕಾಗಿದ್ದವರು ಯುರೋಪಿನ ಗಂಡಸರಿಗೂ ಈ ನೆಲದ ಹೆಂಗಸರಿಗೂ ಹುಟ್ಟಿದವರ ಸಂತತಿ. ಮೊದಮೊದಲು ಈಸ್ಟ್ ಇಂಡಿಯಾ ಕಂಪನಿ ಇಂಥ ಸಂಬಂಧಗಳಿಗೆ ಅಡ್ಡಿ ಮಾಡಿರಲಿಲ್ಲ. ಸೈನಿಕರು ಇಲ್ಲೇ ಸಂಸಾರ ಹೂಡಿದರೆ ಅದಕ್ಕೂ ಅನುಕೂಲವೇ ಆಗಿತ್ತು. 1791ರಲ್ಲಿ ಅದೇ ಕಂಪನಿ ಮಿಶ್ರ ಸಂತಾನದವರಿಗೆ ತನ್ನ ಸಿವಿಲ್ ಮತ್ತು ಸೈನ್ಯದ ಹುದ್ದೆಗಳ ಬಾಗಿಲು ಮುಚ್ಚಿತು. ಬಿಳಿಯರು ತಮ್ಮವರು ಎನ್ನಲಿಲ್ಲ, ಇಲ್ಲಿನ ಜಾತಿಗಳಲ್ಲಿ ಜಾಗವಿರಲಿಲ್ಲ. ಚರ್ಚು, ಇಂಗ್ಲಿಷು, ರೈಲ್ವೆಯ ಕೆಲಸ, ತಮ್ಮತಮ್ಮಲ್ಲೇ ಮದುವೆ, ಇಷ್ಟರ ಆಸರೆಯಲ್ಲಿ ಅವರೊಂದು ಸಮುದಾಯವಾದರು.

ಸ್ವತಂತ್ರ ಭಾರತದ ಸಂವಿಧಾನ 366ನೇ ವಿಧಿಯಲ್ಲಿ ಆಂಗ್ಲೋ-ಇಂಡಿಯನ್ ಎಂದರೆ ಯಾರು ಎಂದು ವಿವರಿಸಿತು. ತಂದೆಯಾಗಲಿ, ತಂದೆಯ ಕಡೆಯ ಗಂಡು ಪೂರ್ವಿಕರಲ್ಲಿ ಯಾರಾದರೂ ಆಗಲಿ ಯುರೋಪಿನ ಮೂಲದವರಾಗಿರಬೇಕು. ತಾಯಿಯ ಕಡೆಯಿಂದ ಲೆಕ್ಕವಿಲ್ಲ. ಯುರೋಪಿನ ಹೆಂಗಸು ಇಲ್ಲಿನ ಗಂಡಸನ್ನು ಕಟ್ಟಿಕೊಂಡರೆ ಅವಳ ಮಕ್ಕಳು ಈ ಸಮುದಾಯದವರಲ್ಲ. ಒಂದು ಸಮುದಾಯದ ಗುರುತು ಯಾರು ಯಾರೊಡನೆ ಕೂಡಿದರು ಎಂಬುದರ ಮೇಲೆ, ಅದರಲ್ಲೂ ಗಂಡಸಿನ ಕಡೆಯಿಂದ, ನಿಂತಿದೆ ಎಂಬುದನ್ನು ಇಷ್ಟು ನೇರವಾಗಿ ಬರೆದಿಟ್ಟ ಇನ್ನೊಂದು ಸಾಲು ನಮ್ಮ ಕಾನೂನಿನಲ್ಲಿ ಸಿಗುವುದು ಕಷ್ಟ.

ಉಳಿದ ಸಮುದಾಯಗಳಲ್ಲೂ ನಡೆದಿರುವುದು ಇದೇ, ಬರೆದಿಟ್ಟಿಲ್ಲ ಅಷ್ಟೆ. ನಮ್ಮ ದೇವರು, ನಮ್ಮ ಊಟ, ನಮ್ಮ ಭಾಷೆ ಎಂದು ಜನ ಎಷ್ಟೇ ಹೇಳಿಕೊಂಡರೂ ಸಮುದಾಯ ಎಲ್ಲಕ್ಕಿಂತ ಬಿಗಿಯಾಗಿ ಕಾವಲು ಕೂರುವುದು ಮದುವೆಯ ಚಪ್ಪರದಲ್ಲಿ. ಆ ಕಾವಲಿಗೆ ಧರ್ಮ ಮುದ್ರೆ ಒತ್ತುತ್ತದೆ. ನಾಲ್ಕು ತಲೆಮಾರು ಕಳೆದ ಮೇಲೆ ಅದೇ ಹುಟ್ಟುಗುಣ ಎನ್ನಿಸಿಕೊಳ್ಳುತ್ತದೆ. 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಇಪ್ಪತ್ತೈದರ ಹರೆಯದ ಅಂಬೇಡ್ಕರ್ ಹೇಳಿದ್ದು ಇದನ್ನೇ: ಜಾತಿಯ ತಿರುಳು ಒಳಮದುವೆ. ವಿಧವೆಯರನ್ನು, ಎಳೆಯ ಹುಡುಗಿಯರನ್ನು ಹಿಂಸಿಸಿದ ಪದ್ಧತಿಗಳೆಲ್ಲ ಆ ಒಳಮದುವೆಯನ್ನು ಉಳಿಸಿಕೊಳ್ಳಲು ಹುಟ್ಟಿದವು ಎಂದು ಅವರು ತೋರಿಸಿದರು.

ಕನ್ನಡಿಗರಿಗೆ ಇದಕ್ಕೆ ನ್ಯೂಯಾರ್ಕಿನ ಸಾಕ್ಷಿ ಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಒಟ್ಟಿಗೆ ಕೂತರು, ಒಟ್ಟಿಗೆ ಉಂಡರು, ಕುಲ ಕೇಳದೆ ಲಿಂಗ ಕೊಟ್ಟರು. ಬಿಜ್ಜಳನ ರಾಜ್ಯ ಗೊಣಗುತ್ತಲೇ ಅದನ್ನು ಸಹಿಸಿತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದಾಗ ಸಹನೆ ಮುಗಿಯಿತು. ಪರಂಪರೆ ಹೇಳುವಂತೆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ಆಯಿತು, ಕಲ್ಯಾಣ ಹೊತ್ತಿ ಉರಿಯಿತು. ದೇವರೆದುರಿನ ಸಮಾನತೆಯನ್ನು ಸಮಾಜ ಸಹಿಸಿಕೊಂಡೀತು. ಆ ಸಮಾನತೆ ಮಗಳ ಕೈ ಹಿಡಿಯಲು ಬಂದಾಗ ಮಾತ್ರ ಅದರ ನಿಜವಾದ ಗಡಿ ಎಲ್ಲಿದೆ ಎಂದು ಕಾಣುತ್ತದೆ.

ಈಗ ಬೆಂಗಳೂರಿನ ಹೆಬ್ಬಗೋಡಿ, ದೊಡ್ಡತೋಗೂರು, ಹೂಡಿ, ದಾಸರಹಳ್ಳಿಯಂಥ ಕಡೆ ಬಾಡಿಗೆ ಮನೆ ಹುಡುಕಿಕೊಂಡು ಹೋಗಿ. ಎರಡು ಮೂರು ಅಂತಸ್ತಿನ ಸಾಲುಮನೆ, ಮೆಟ್ಟಿಲ ಕೆಳಗೆ ಬೈಕುಗಳು, ಗೇಟಿಗೆ ಕಟ್ಟಿದ 'ಟು-ಲೆಟ್' ಹಲಗೆ, ಅದರ ಕೆಳಗೆ ಬಣ್ಣದಲ್ಲಿ ಬರೆದ 'ಫ್ಯಾಮಿಲಿಗೆ ಮಾತ್ರ'. ಓನರ್ ಆಂಟಿ ಬೀಗದ ಕೈ ಹಿಡಿದುಕೊಂಡೇ ಕೇಳುತ್ತಾರೆ. "ಯಾವೂರಪ್ಪ ನಿಮ್ದು?" ಕಲಬುರಗಿ ಕಡೆ ಎಂದರೆ, "ಅಲ್ಲಿ ಯಾವ ಪೈಕಿ? ಮನೇಲಿ ನಾನ್‌ವೆಜ್ ಮಾಡ್ತೀರಾ?" ಅದಾದ ಮೇಲೆ, "ಮದ್ವೆ ಆಗೈತಾ?" ಬಾಡಿಗೆ, ಅಡ್ವಾನ್ಸು, ನೀರಿನ ಬಿಲ್ಲಿನ ಮಾತು ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ. ಊರು ಕೇಳುವುದು ಚರಿತ್ರೆಗೆ, ಪೈಕಿ ಕೇಳುವುದು ಜಾತಿ ಮತ್ತು ದೇವರಿಗೆ, ಮದುವೆ ಕೇಳುವುದು ಈ ಮನುಷ್ಯನ ಕಾಮ ಹದ್ದುಬಸ್ತಿನಲ್ಲಿದೆಯೇ ಎಂದು ತಿಳಿಯುವುದಕ್ಕೆ. ಮುಸ್ಲಿಮರು ಎರಡನೆಯ ಪ್ರಶ್ನೆಗೂ ಮೊದಲು ಹೆಸರಿನಲ್ಲೇ ಸೋಲುತ್ತಾರೆ. ದಲಿತರು ಎರಡನೆಯದರಲ್ಲಿ, ಒಂಟಿ ಹೆಂಗಸರು ಮೂರನೆಯದರಲ್ಲಿ. ಹಿಜ್ರಾಗಳಿಗೆ ಗೇಟೇ ತೆರೆಯುವುದಿಲ್ಲ.

ಆ ಆಂಟಿಯನ್ನು ಕೆಟ್ಟವಳು ಎಂದು ಬಿಟ್ಟುಬಿಡುವುದು ಸುಲಭ. ಆದರೆ ಅವರಿಗೂ ಒಂದು ಚರಿತ್ರೆ ಇದೆ. ರಾಗಿ ಬೆಳೆಯುತ್ತಿದ್ದ ಹೊಲ ಕೈಗಾರಿಕೆಗೆ, ಲೇಔಟಿಗೆ ಹೋಯಿತು. ಉಳಿದ ಸೈಟಿನಲ್ಲಿ ಕಟ್ಟಿದ ರೂಮುಗಳ ಬಾಡಿಗೆಯೇ ಈಗ ಬೆಳೆ. ಸುತ್ತ ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಮುಖ. ಊರಮ್ಮನ ಜಾತ್ರೆ ಮತ್ತು ಸಂಬಂಧ ಬೆಳೆಸುವ ಮನೆಗಳು, ಇವೆರಡೇ ತಮ್ಮದೆಂದು ಉಳಿದದ್ದು. ಕಳೆದುಕೊಂಡವರು ಉಳಿದದ್ದನ್ನು ಬಿಗಿಯಾಗಿ ಹಿಡಿಯುತ್ತಾರೆ. ಆ ಹಿಡಿತದಲ್ಲಿ ನೋವಿದೆ ಎಂದು ನಾನು ಒಪ್ಪುತ್ತೇನೆ. ಆ ನೋವು ಇನ್ನೊಬ್ಬರ ತಲೆಯ ಮೇಲಿನ ಸೂರು ಕಿತ್ತುಕೊಳ್ಳುವ ಹಕ್ಕು ಕೊಡುತ್ತದೆ ಎಂದು ಒಪ್ಪಲಾರೆ.

ಮೂರನೆಯ ಪ್ರಶ್ನೆಗೆ ಉತ್ತರವೇ ಇಲ್ಲದವರ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಗಂಡು ಗಂಡನ್ನು ಪ್ರೀತಿಸುವುದು, ಗಂಡಾಗಿ ಹುಟ್ಟಿದವರು ಹೆಣ್ಣಾಗಿ ಬಾಳುವುದು, ಇವೆಲ್ಲ ಐಟಿ ಜೊತೆಗೆ ಪಶ್ಚಿಮದಿಂದ ಬಂದವು ಎನ್ನುವುದು ಒಂದು. ನಮ್ಮ ಪರಂಪರೆ ಇವರನ್ನು ಯಾವತ್ತೂ ಆದರಿಸಿದೆ, ಬ್ರಿಟಿಷರು ಬಂದು ಕೆಡಿಸಿದರು ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಎಚ್ಚರ ಬೇಕು.

ಸವದತ್ತಿ ಎಲ್ಲಮ್ಮನ ಗುಡ್ಡದ ಜೋಗಪ್ಪಗಳನ್ನು ನೋಡಿ. ಹೆಣ್ಣಿನ ನಡೆನುಡಿ ತೋರಿದ ಹುಡುಗನಿಗೆ ಜಡೆ ಕಟ್ಟಿದರೆ, ಜಡ್ಡು ಬಿಡದೆ ಕಾಡಿದರೆ, "ಎಲ್ಲಮ್ಮ ಹಿಡಿದಾಳ" ಎನ್ನುತ್ತಾರೆ. ದೇವಿಗೆ ಬಿಟ್ಟ ಗುರುತಿಗೆ ಮುತ್ತು ಕಟ್ಟಿಸುತ್ತಾರೆ, ಸೀರೆ ಉಡಿಸುತ್ತಾರೆ. ನಿನ್ನೆಯವರೆಗೆ ಹೊಡೆಯುತ್ತಿದ್ದ ಅಪ್ಪ ಇಂದು ಕೈ ಮುಗಿಯುತ್ತಾನೆ. ಮಂಗಳವಾರ, ಶುಕ್ರವಾರ ಜೋಗ ಬೇಡುತ್ತ, ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತ, ಚೌಡಿಕೆ ಬಾರಿಸಿ ಹಾಡುತ್ತ ಅವರು ಬದುಕಿದರು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಆ ಕುಣಿತವನ್ನೇ ಕಲೆಯಾಗಿ ಬೆಳೆಸಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ದೇವಿ ಇಲ್ಲದಿದ್ದರೆ ಆ ಹುಡುಗರಲ್ಲಿ ಎಷ್ಟು ಮಂದಿ ಬದುಕಿ ಉಳಿಯುತ್ತಿದ್ದರೋ. ನಂಬಿಕೆಯ ಈ ಶಕ್ತಿಯನ್ನು ಅಲ್ಲಗಳೆಯುವವರು ಆ ಗುಡ್ಡವನ್ನು ಹತ್ತಿ ನೋಡಿದವರಲ್ಲ.

ಆದರೆ ಈ ಆದರಕ್ಕೆ ಬೆಲೆ ತೆರಬೇಕಿತ್ತು. ದೇವಿ ಹಿಡಿದಳು ಎಂದರೆ ಮಾತ್ರ ಗೌರವ. ನನಗೆ ಹೀಗೆ ಬದುಕುವುದೇ ಇಷ್ಟ ಎಂದವರಿಗೆ ಪರಂಪರೆಯಲ್ಲಿ ಮಾತಿಲ್ಲ. ಆಸ್ತಿಯ ಪಾಲು ಕೇಳಬಾರದು, ಬೇಡಿಯೇ ಉಣ್ಣಬೇಕು, ಪ್ರೀತಿ ಬಯಲಿಗೆ ಬರಬಾರದು. ಅದೇ ಮುತ್ತು ಎಷ್ಟೋ ಬಡ ದಲಿತ ಹುಡುಗಿಯರ ಕೊರಳಿಗೆ ಬಿದ್ದಾಗ ಅವರನ್ನು ಊರ ಗಂಡಸರ ಪಾಲು ಮಾಡಿತು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ಕಾನೂನಿನಿಂದ ನಿಷೇಧಿಸಿದ್ದು ತಡವಾಗಿ ಮಾಡಿದ ಸರಿಯಾದ ಕೆಲಸ. ಒಂದೇ ದೇವಿಯ ಹೆಸರಿನಲ್ಲಿ ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಸೆರೆ. ಹಾಗಾಗಿ ಪರಂಪರೆ ಉದಾರವೋ ಕ್ರೂರವೋ ಎಂದು ಒಟ್ಟಾಗಿ ತೀರ್ಪು ಕೊಡುವುದಕ್ಕಿಂತ, ಯಾರಿಗೆ ಯಾವ ಷರತ್ತಿನ ಮೇಲೆ ಜಾಗ ಕೊಟ್ಟಿತು ಎಂದು ಕೇಳಬೇಕು. ಬೆಂಗಳೂರಿನಲ್ಲಿ ಕರಗ ಹೊರುವ ಅರ್ಚಕರು ಬಳೆ ತೊಟ್ಟು, ಮಲ್ಲಿಗೆ ಮುಡಿದು ದ್ರೌಪದಿಯಾಗುತ್ತಾರೆ. ಆನೇಕಲ್, ಹೊಸಕೋಟೆಗಳಲ್ಲೂ ಕರಗದ ಉತ್ಸವಕ್ಕೆ ಬೀದಿಯೆಲ್ಲ ಕೈ ಮುಗಿದು ನಿಲ್ಲುತ್ತದೆ. ಆ ಭಕ್ತಿ ನಿಜವಾದದ್ದು. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಸೀರೆಯುಟ್ಟು ಕೈ ಚಾಚುವವರಿಗೆ ಕಾರಿನ ಗಾಜು ಏರಿಸುವುದೂ ನಿಜ.

ಬ್ರಿಟಿಷರ ಪಾಲೂ ಸಣ್ಣದಲ್ಲ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 1860ರ ದಂಡಸಂಹಿತೆಯ 377ನೇ ಕಲಮು, ಉತ್ತರ ಭಾರತದಲ್ಲಿ ಹಿಜ್ರಾಗಳ ಹೆಸರು ಪೊಲೀಸ್ ಪಟ್ಟಿಗೆ ಸೇರಿಸಿದ 1871ರ ಅಪರಾಧಿ ಬುಡಕಟ್ಟು ಕಾಯ್ದೆ, ಇವು ಅವರ ಕೊಡುಗೆ. ಆದರೆ ಅದೇ ಪಟ್ಟಿಯ ನೆನಪನ್ನು ತರುವ 36ಎ ಕಲಮನ್ನು ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ್ದು 2011ರಲ್ಲಿ, ನಾವೇ ಆರಿಸಿದ ಶಾಸಕರು. ಹೋರಾಟಗಾರರು ಹೈಕೋರ್ಟಿಗೆ ಹೋದ ಮೇಲೆಯೇ ಅದರಿಂದ ಹಿಜ್ರಾಗಳನ್ನು ಸೂಚಿಸುವ ಪದ ತೆಗೆದದ್ದು. ಇದೇ ರಾಜ್ಯ 2021ರಲ್ಲಿ ದೇಶದಲ್ಲೇ ಮೊದಲು ಸರ್ಕಾರಿ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿತು ಎಂಬುದನ್ನೂ ಹೇಳಬೇಕು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಂಬಂಧವನ್ನು 377ರಿಂದ ಬಿಡಿಸಿತು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ದೊಡ್ಡ ಕಂಪನಿಗಳಲ್ಲಿ ಜೂನ್ ತಿಂಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪರವಾದ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ, ಕೆಲವು ಕಂಪನಿಗಳು ಸಂಗಾತಿಗೂ ವಿಮೆ ಕೊಡುತ್ತವೆ. ಅದರಿಂದ ಅನೇಕರಿಗೆ ಉಸಿರಾಡುವಂತಾಗಿದೆ. ಆದರೆ ಕಂಪನಿಯ ಆದರಕ್ಕೂ ಷರತ್ತಿದೆ: ಐಡಿ ಕಾರ್ಡು ಕೊರಳಲ್ಲಿರುವ ತನಕ. ಅದೇ ಕಂಪನಿಯಲ್ಲಿ ಗುತ್ತಿಗೆಯ ಮೇಲೆ ನೆಲ ಒರೆಸುವವರಿಗೆ, ಗೇಟು ಕಾಯುವವರಿಗೆ ಆ ಬಣ್ಣ ಮುಟ್ಟುವುದು ಅಪರೂಪ. ಕೆಲಸ ಹೋದ ದಿನ ಕಷ್ಟ ಕೇಳಲು ಬರುವುದು ಗೆಳೆಯರು, ಬಂಧುಗಳು. ಕಂಪನಿಯ ಎಚ್‌ಆರ್ ವಿಭಾಗ ಅಲ್ಲ. ಜೋಗಪ್ಪಗಳಿಗೆ ಹಸಿವಿದ್ದರೂ ಗುರು-ಚೇಲಾ ಎಂಬ ಬಳಗವಿದೆ. ಅಪಾರ್ಟ್‌ಮೆಂಟಿನ ಹನ್ನೆರಡನೆಯ ಮಹಡಿಯಲ್ಲಿ ಸಂಬಳವಿದ್ದೂ ಬಳಗವಿಲ್ಲದೆ ಒಂಟಿಯಾದವರು ಬಹಳ.

ಹುಟ್ಟಿನಿಂದಲ್ಲದೆ ಬಳಗ ಕಟ್ಟಬಹುದು ಎಂಬುದಕ್ಕೆ ಈ ಸೀಮೆಯಲ್ಲೇ ಸಾಕ್ಷಿ ಇದೆ. 2016ರ ಏಪ್ರಿಲ್ 18 ಮತ್ತು 19ರಂದು ಪಿಎಫ್ ಹಣ ಹಿಂತೆಗೆಯಲು ಕೇಂದ್ರ ತಂದ ನಿರ್ಬಂಧದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಪಕ್ಕದಲ್ಲಿ ನಿಂತವಳು ಯಾವ ಪೈಕಿ ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಎರಡನೆಯ ದಿನವೇ ಸರ್ಕಾರ ನಿಯಮ ಕೈಬಿಟ್ಟಿತು. ಅದೇ ಹೆಣ್ಣುಮಗಳಿಗೆ ಊರಲ್ಲಿ ಗಂಡು ನೋಡುವಾಗ "ಗಾರ್ಮೆಂಟ್ಸ್‌ಗೆ ಹೋಗೋಳಾ?" ಎಂದು ರಾಗ ಎಳೆಯುತ್ತಾರೆ. ಅವಳ ದುಡಿಮೆ ಬೇಕು, ದುಡಿದು ತಂದ ಸ್ವಾತಂತ್ರ್ಯದ ಮೇಲೆ ಅನುಮಾನ. ಹೆಣ್ಣಿನ ಮೇಲಿನ ಆ ಅನುಮಾನವೂ ಹಿಜ್ರಾಗಳ ಮೇಲಿನ ತಿರಸ್ಕಾರವೂ ಒಂದೇ ಕಾವಲಿನ ಎರಡು ಕೆಲಸ. ಒಂದನ್ನು ಬಿಟ್ಟು ಇನ್ನೊಂದರ ವಿರುದ್ಧ ಹೋರಾಡಲು ಬರುವುದಿಲ್ಲ.

ಹಾಗಾದರೆ ಸಮುದಾಯಗಳೇ ಬೇಡವೇ? ಬೇಕು. ಸಣ್ಣ ಸಮುದಾಯಕ್ಕೆ ಅಳಿದುಹೋಗುವ ಭಯ ನಿಜ. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾಕ್ಕೆ ಹೋದವು. 2020ರಲ್ಲಿ ಶಾಸನಸಭೆಗಳಲ್ಲಿ ಅವರಿಗಿದ್ದ ನಾಮನಿರ್ದೇಶನದ ಸ್ಥಾನವೂ ಹೋಯಿತು. ಅಡುಗೆ, ಹಾಡು, ಹಬ್ಬ, ಸಮಾಧಿಯ ಜಾಗ, ಇವನ್ನು ಉಳಿಸಿಕೊಳ್ಳುವುದು ಪ್ರತಿ ಸಮುದಾಯದ ಹಕ್ಕು. ಆದರೆ ಹಬ್ಬ ಉಳಿಯಲು ಮಗಳ ಮದುವೆಗೆ ಬೇಲಿ ಹಾಕಬೇಕಾಗಿಲ್ಲ, ಮಗನ ಪ್ರೀತಿಯನ್ನು ಜಡ್ಡು ಎನ್ನಬೇಕಾಗಿಲ್ಲ.

2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಯ ಹಕ್ಕನ್ನು ಒಪ್ಪದ ಸುಪ್ರೀಂ ಕೋರ್ಟು ಅದನ್ನು ಸಂಸತ್ತಿಗೆ ಬಿಟ್ಟಿತು. ಸಂಸತ್ತು ತೀರ್ಮಾನಿಸುವವರೆಗೆ ನಾವು ಕಾಯಬೇಕಾಗಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರ ಸಂಬಳದಿಂದ ತಿಂಗಳು ತಿಂಗಳೂ ಇಎಸ್‌ಐ ಎಂಬ ಆರೋಗ್ಯ ವಿಮೆಯ ಹಣ ಕಡಿತವಾಗುತ್ತದೆ. ಆ ವಿಮೆಯ ಲೆಕ್ಕದಲ್ಲಿ ಕುಟುಂಬ ಎಂದರೆ ಕಾನೂನು ಒಪ್ಪಿದ ಗಂಡ ಅಥವಾ ಹೆಂಡತಿ, ಮಕ್ಕಳು, ಅವಲಂಬಿತ ತಂದೆ-ತಾಯಿಯಂಥವರು. ಹತ್ತು ವರ್ಷ ಒಂದೇ ರೂಮಿನಲ್ಲಿ ಜೊತೆಗೆ ಬಾಳಿದ ಸಂಗಾತಿಗೆ ಇಎಸ್‌ಐ ಆಸ್ಪತ್ರೆಯಲ್ಲಿ ಚೀಟಿ ಸಿಗುವುದಿಲ್ಲ. ಮನೆ ಓನರುಗಳೇ, ಬಾಡಿಗೆ ಕೇಳಿ, ಅಡ್ವಾನ್ಸ್ ಕೇಳಿ, ಆಧಾರ್ ಕೇಳಿ. ಉಳಿದ ಮೂರು ಪ್ರಶ್ನೆ ಬಿಡಿ. ಕಾರ್ಮಿಕ ಸಂಘದವರೇ, ಈ ಸಲ ಮೇ 1ಕ್ಕೆ ಬೇಡಿಕೆ ಪಟ್ಟಿ ಬರೆಯುವಾಗ ಕನಿಷ್ಠ ವೇತನ, ಬೋನಸ್ಸಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಜೊತೆಗೆ ಬಾಳುವ ಸಂಗಾತಿಗೂ ಇಎಸ್‌ಐ ಸಿಗಬೇಕು.