ಲೇಬಲ್ ಮೇಲೆ ಬರ್ದಿಲ್ಲ ಅಂತ ಕಾಕಿ ಕಣ್ಣು ಕಳ್ಕೋಬೇಕಾ?



ನಿಡೋಣಿಯ ನಮ್ಮ ಕಾಕಿ ಮೂವತ್ತು ವರ್ಷ ಮಂದಿ ದ್ರಾಕ್ಷಿ ತೋಟದಾಗ ಕೂಲಿ ಮಾಡ್ಯಾಳ. ಈಗ ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿದೆ. ಡಾಕ್ಟರು ಕಣ್ಣೊಳಗೆ ಬೆವಾಸಿಜುಮ್ಯಾಬ್ ಇಂಜೆಕ್ಷನ್ ಕೊಟ್ರು. ಮಗನ ಕಂಪನಿ ಪಾಲಿಸಿಯಲ್ಲಿ ಅವ್ವನ ಹೆಸರೂ ಇತ್ತು. ಬಿಲ್ ಕಳಿಸಿದ್ರೆ ವಿಮೆಯವರು ಇಂಗ್ಲಿಷ್‌ನಾಗ ಎರಡು ಸಾಲು ಬರೆದು ಕೈತೊಳೆದುಕೊಂಡ್ರು: ಈ ಔಷಧದ ಪರವಾನಗಿ ಇರೋದು ಕ್ಯಾನ್ಸರ್‌ಗೆ, ಕಣ್ಣಿಗಲ್ಲ. ಹಾಗಾಗಿ ಇದು ‘ಸಾಬೀತಾಗದ ಚಿಕಿತ್ಸೆ’.

ಸಾಬೀತಾಗದ್ದಾ? ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಇದನ್ನ ಕಣ್ಣಿನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹಾಗಾದ್ರೆ ಲೇಬಲ್ ಮೇಲೆ ಕಣ್ಣು ಯಾಕಿಲ್ಲ? ಇದನ್ನ ತಯಾರು ಮಾಡಿದ ಕಂಪನಿನೇ ಕಣ್ಣಿಗಂತ ರಾನಿಬಿಜುಮ್ಯಾಬ್ ಅನ್ನೋ ಭಾಳ ದುಬಾರಿ ಔಷಧನೂ ತಂದಿದೆ. ಅಗ್ಗದ್ದಕ್ಕೆ ಪರವಾನಗಿ ಕೇಳಿ ತನ್ನ ವ್ಯಾಪಾರ ತಾನೇ ಕೆಡಿಸಿಕೊಳ್ಳುತ್ತಾ? ಅಂದ್ರೆ ಲೇಬಲ್ ಹೇಳೋದು ಕಂಪನಿ ಏನು ಕೇಳಿತು ಅನ್ನೋದನ್ನ. ಔಷಧ ಏನು ಮಾಡ್ತದ ಅನ್ನೋದನ್ನ ಪೂರ್ತಿ ಹೇಳಲ್ಲ.

ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ದೊಡ್ಡ ಬಾಟಲಿಯಿಂದ ಸಣ್ಣ ಸಣ್ಣ ಡೋಸ್ ತೆಗೆಯುವಾಗ ಸ್ವಚ್ಛತೆ ತಪ್ಪಿದ್ರೆ ಕಣ್ಣೇ ಹೋಗ್ತದ. ಅದಕ್ಕೆ ಸ್ವಚ್ಛತೆಯ ನಿಯಮ ಬಿಗಿ ಮಾಡ್ರಿ, ಬಿಲ್ ಯಾಕೆ ತಳ್ತೀರಿ?

2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಣ್ಣೊಳಗಿನ ಇಂಜೆಕ್ಷನ್ನನ್ನ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ‘ಸಾಬೀತಾಗದ ಚಿಕಿತ್ಸೆ’ಗೆ ದುಡ್ಡು ಕೊಡಬೇಕಿಲ್ಲ ಅನ್ನೋ ಷರತ್ತನ್ನೂ ಬರೆದುಕೊಟ್ಟಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯೋದು ಅಂದ್ರೆ ಇದೇ. ಅಮೆರಿಕದಲ್ಲಿ 1993ರ ಕಾನೂನು, ಮಾನ್ಯ ಔಷಧ ಕೋಶಗಳಲ್ಲಿ ಆಧಾರ ಇದ್ರೆ ಲೇಬಲ್ ಮೇಲೆ ಇಲ್ಲದ ಕ್ಯಾನ್ಸರ್ ಬಳಕೆಗೂ ಮೆಡಿಕೇರ್ ದುಡ್ಡು ಕೊಡಬೇಕು ಅಂತ ಹೇಳ್ತದ. ಅಂಥ ಒಂದು ಸಾಲು ನಮ್ಮ ನಿಯಮದಲ್ಲೂ ಬೇಕು: ಅಗತ್ಯ ಔಷಧ ಪಟ್ಟಿಯಲ್ಲಿರೋ ಬಳಕೆಗೆ ‘ಸಾಬೀತಾಗದ್ದು’ ಅನ್ನೋ ಹಾಗಿಲ್ಲ.

ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗಲೇ ಕಾರ್ಮಿಕರ ಆರೋಗ್ಯ ವಿಮೆಯ ಅದಾರ್ಕರ್ ವರದಿ ತಯಾರಾಗಿದ್ದು. ಅದರಿಂದಲೇ 1948ರ ಇಎಸ್ಐ ಕಾಯ್ದೆ ಬಂತು. ಕೂಲಿಯವರಿಗೆ ವಿಮೆ ದಾನ ಅಲ್ಲ, ಹಕ್ಕು ಅಂತ ನಾವು ಕಲಿತದ್ದು ಅಲ್ಲಿಂದ.

ನಿಮ್ಮ ಕೇರಿಯಲ್ಲೂ ಇಂಥ ಇಂಗ್ಲಿಷ್ ಪತ್ರ ಬಂದಿದ್ರೆ ಹರಿದು ಒಗೀಬ್ಯಾಡ್ರಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡ್ರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಫೀ ಇಲ್ಲ, ವಕೀಲರೂ ಬ್ಯಾಡ. ಕಾಕಿಯ ದೂರನ್ನ ನಿನ್ನೆ ರಾತ್ರಿ ಕೂತು ಬರೆದಿದ್ದೀವಿ. ಡಾಕ್ಟರ ಪತ್ರ ಒಂದು ಸಿಗೋದು ಬಾಕಿ ಅದ, ಮುಂದಿನ ಇಂಜೆಕ್ಷನ್‌ಗೆ ಹೋದಾಗ ಕೇಳ್ತೀವಿ.