ಬಾಡಿಗೆ ಕಾರುಗಳ ತೆರಿಗೆ ಬದಲಾವಣೆಗೆ ಕಾಲಾವಕಾಶ ಕೋರಿ ಮನವಿ ಪತ್ರ

ಇವರಿಗೆ: ಸಾರಿಗೆ ಇಲಾಖೆ, ಕರ್ನಾಟಕ ಸರ್ಕಾರ (ಹಾವೇರಿ ಜಿಲ್ಲಾಧಿಕಾರಿಗಳ ಮೂಲಕ)
ಇವರಿಂದ: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಹಳದಿ ಬೋರ್ಡ್ ಕಾರು ಮಾಲೀಕರು ಮತ್ತು ಚಾಲಕರು

ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ಕ್ಕೆ 2025ರಲ್ಲಿ ತಂದ ತಿದ್ದುಪಡಿಯಂತೆ, 10 ಲಕ್ಷ ರೂ. ಒಳಗಿನ ಹೊಸ ಹಳದಿ ಬೋರ್ಡ್ ಕಾರಿಗೆ ಬೆಲೆಯ ಶೇ. 5ರಷ್ಟು ಜೀವಿತಾವಧಿ ತೆರಿಗೆಯನ್ನು ನೋಂದಣಿ ವೇಳೆಗೇ ಕಟ್ಟಬೇಕು. 8 ಲಕ್ಷದ ಗಾಡಿಗೆ ಇದು 40,000 ರೂ.; ಉಪಕರ ಬೇರೆ. ಅದಕ್ಕೂ ಮೊದಲು, 2023ರ ಜುಲೈನಲ್ಲಿ 10ರಿಂದ 15 ಲಕ್ಷದ ಕಾರುಗಳಿಗೆ ಶೇ. 15 ಎಂದು ಗೊತ್ತುಮಾಡಿದ ದರವನ್ನು, ಸೆಪ್ಟೆಂಬರ್ 11ರ ಬೆಂಗಳೂರು ಬಂದ್ ನಂತರ, ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಶೇ. 9ಕ್ಕೆ ಇಳಿಸಲಾಯಿತು. 12 ಲಕ್ಷದ ಕಾರಿನ ಮೇಲೆ ಈ ಎರಡು ದರಗಳ ಅಂತರ 72,000 ರೂ. ಐದೇ ತಿಂಗಳಲ್ಲಿ ಇಷ್ಟು ಏರಿಳಿಯುವ ದರವನ್ನು ನಂಬಿ ಸಾಲದ ಲೆಕ್ಕ ಹಾಕುವುದು ಕಷ್ಟ.

ಬಿಳಿ ಬೋರ್ಡ್ ಕಾರಿನ ತೆರಿಗೆ ಇದಕ್ಕಿಂತ ಹೆಚ್ಚು ಎಂಬುದು ನಿಜ. ಆದರೆ ಬಾಡಿಗೆ ಕಾರಿಗೆ ಪರ್ಮಿಟ್, ಫಿಟ್‌ನೆಸ್, ದುಬಾರಿ ವಿಮೆ ಇವೆ. ಚಳಗೇರಿ, ಬಂಕಾಪುರ ಟೋಲ್‌ಗಳೂ ಇವೆ. ಮೊದಲಿದ್ದ, ಮೂರು ತಿಂಗಳಿಗೊಮ್ಮೆ ಕಟ್ಟುವ ಪದ್ಧತಿಯಲ್ಲಿ ತೆರಿಗೆ ದುಡಿಮೆಯ ಜೊತೆಜೊತೆಗೆ ಸಾಗುತ್ತಿತ್ತು. ಈಗ ಗಾಡಿ ಒಂದು ಟ್ರಿಪ್ ಹೊಡೆಯುವ ಮೊದಲೇ ಪೂರ್ತಿ ಮೊತ್ತ ಹೊಂದಿಸಬೇಕು.

ಈ ಭಾಗದ ದುಡಿಮೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಆವಕದ ತಿಂಗಳುಗಳ ಸೋಮವಾರ, ಗುರುವಾರ ಹೊರಗಿನ ಖರೀದಿದಾರರ ಓಡಾಟವಿರುತ್ತದೆ; ಮದುವೆ ಕಾಲದಲ್ಲಿ, ದೇವರಗುಡ್ಡದ ಜಾತ್ರೆಗೆ, ಕಾಗಿನೆಲೆಗೆ ಬಾಡಿಗೆ ಸಿಗುತ್ತದೆ. ಮಳೆಗಾಲದಲ್ಲಿ ಗಾಡಿಗಳು ಸ್ಟ್ಯಾಂಡಿನಲ್ಲೇ ನಿಲ್ಲುತ್ತವೆ. ಮದುವೆಯ ಬಾಡಿಗೆ ತಿಂಗಳುಗಳ ಮೊದಲೇ ಮಾತಾಗಿ ಮುಂಗಡ ಪಡೆದಿರುವುದರಿಂದ, ನಡುವೆ ಖರ್ಚು ಏರಿದರೆ ಗಿರಾಕಿಯನ್ನು ಕೇಳುವಂತಿಲ್ಲ. 2024ರ ಜೂನ್ 15ರಂದು ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 14.34ರಿಂದ 18.44ಕ್ಕೂ, 2025ರ ಏಪ್ರಿಲ್ 1ರಂದು ಶೇ. 21.17ಕ್ಕೂ ಏರಿದಾಗ ಆ ವ್ಯತ್ಯಾಸ ಮಾಲೀಕರ ಜೇಬಿನಿಂದಲೇ ಹೋಯಿತು. ನಗರ ಟ್ಯಾಕ್ಸಿಗಳಿಗೆ 2024ರ ಜನವರಿಯಲ್ಲಿ ಗೊತ್ತುಮಾಡಿದ ದರ, 10 ಲಕ್ಷದೊಳಗಿನ ಕಾರಿಗೆ ಕಿ.ಮೀ.ಗೆ 24 ರೂ., ಈ ಎರಡೂ ಏರಿಕೆಗೆ ಮುಂಚಿನದು.

ತೆರಿಗೆ ಇಳಿದಾಗಲೂ ಪೆಟ್ಟು ಬೀಳುವುದುಂಟು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಸ್ವಾಗತಾರ್ಹ. ಆದರೆ ಅದಕ್ಕೆ ಸ್ವಲ್ಪ ಮೊದಲು ಹಳೆಯ ದರದಲ್ಲಿ ಕೊಂಡವರ ಸಾಲ ಹಾಗೇ ಉಳಿದು, ಗಾಡಿಯ ಮರುಮಾರಾಟದ ಬೆಲೆ ಮಾತ್ರ ಕುಸಿಯುತ್ತದೆ.

ಆದ್ದರಿಂದ ತೆರಿಗೆ ದರ ಬದಲಾದಾಗ, ಜಾರಿ ದಿನಾಂಕಕ್ಕೆ ಮೊದಲೇ ಮುಂಗಡ ಕೊಟ್ಟು ಬುಕ್ ಮಾಡಿದ ಕಾರುಗಳಿಗೆ, ನೋಂದಣಿ ತಡವಾದರೂ, ಹಳೆಯ ದರವನ್ನೇ ಅನ್ವಯಿಸಬೇಕು ಎಂಬುದು ಮೊದಲ ಮತ್ತು ಮುಖ್ಯ ಬೇಡಿಕೆ. ಅಧಿಸೂಚನೆಗೂ ಜಾರಿಗೂ ನಡುವೆ ಕನಿಷ್ಠ ಮೂರು ತಿಂಗಳ ಅಂತರವಿರಬೇಕು. ಒಂದೇ ಕಾರು ನಂಬಿ ಬದುಕುವ ಚಾಲಕ-ಮಾಲೀಕರು ಜೀವಿತಾವಧಿ ತೆರಿಗೆಯನ್ನು ಬಡ್ಡಿಯಿಲ್ಲದ ಕಂತುಗಳಲ್ಲಿ ಕಟ್ಟಲು ಅವಕಾಶ ಕೊಡಬೇಕು.

ಬೆಲೆಯ ಹಂತ ದಾಟಿದ ಕೂಡಲೇ ಇಡೀ ಬೆಲೆಗೆ ಮೇಲಿನ ದರ ಬೀಳುವ ಕ್ರಮವೂ ಬದಲಾಗಬೇಕು. 9.90 ಲಕ್ಷದ ಕಾರಿಗೆ 49,500 ರೂ., 10.10 ಲಕ್ಷದ್ದಕ್ಕೆ 90,900 ರೂ.: 20,000 ರೂ. ಬೆಲೆ ವ್ಯತ್ಯಾಸಕ್ಕೆ 41,400 ರೂ. ಹೆಚ್ಚುವರಿ ತೆರಿಗೆ ಯಾವ ಲೆಕ್ಕದಲ್ಲೂ ಸಮರ್ಥನೀಯವಲ್ಲ. ಹಂತ ಮೀರಿದ ಮೊತ್ತಕ್ಕಷ್ಟೇ ಮೇಲಿನ ದರ ವಿಧಿಸಿದರೆ ಸಾಕು. ಇಂಧನ ತೆರಿಗೆ ಏರಿದಾಗಲೆಲ್ಲ ಟ್ಯಾಕ್ಸಿ ದರವನ್ನೂ ಮರುಪರಿಶೀಲಿಸಬೇಕು. ಬಾಡಿಗೆಗೆ ಓಡುವ ಬಿಳಿ ಬೋರ್ಡ್ ಕಾರುಗಳ ತಪಾಸಣೆಯನ್ನು ಹಾವೇರಿ ಮತ್ತು ರಾಣೇಬೆನ್ನೂರಿನ ಸಾರಿಗೆ ಕಚೇರಿಗಳು ನಿಯಮಿತವಾಗಿ ನಡೆಸಬೇಕು.